ಲಾಭವಿಲ್ಲದ ಕಾರು, ಮಾರಲಾಗದ ಮನಸ್ಸು

ಮಕ್ಕಳೇ, ಕ್ರಿಕೆಟ್ ಸ್ಟಂಪು ಮಾಡುವ ಆಶ್ ಮರದಿಂದ ಕಾರಿನ ಮೈ ಕಟ್ಟುತ್ತಾರೆಂದರೆ ನಂಬುತ್ತೀರಾ? ಇಂಗ್ಲೆಂಡಿನ ಮಾಲ್ವರ್ನ್ ಊರಿನ ಮಾರ್ಗನ್ ಕಾರ್ಖಾನೆಯಲ್ಲಿ ಇದು ನಿಜ. ಕಾರಿನ ಅಡಿಗಟ್ಟು ಲೋಹದ್ದೇ. ಅದರ ಮೇಲೆ ಬಡಗಿಗಳು ಮರದ ಹಂದರ ನಿಲ್ಲಿಸಿ, ಹೊರಗೆ ತೆಳುವಾದ ತಗಡು ಹೊದಿಸುತ್ತಾರೆ. 1909ರಲ್ಲಿ ಮೂರು ಚಕ್ರದ ಗಾಡಿಯಿಂದ ಶುರುವಾದ ಕಥೆಯಿದು. 1936ರಲ್ಲಿ ನಾಲ್ಕು ಸಿಲಿಂಡರು, ನಾಲ್ಕು ಚಕ್ರದ 'ಫೋರ್-ಫೋರ್' ಬಂತು. ಆಮೇಲೆ ಎಂಜಿನ್‌ಗಳು ಬದಲಾದರೂ ಕಾರಿನ ಹಳೆಯ ಕಾಲದ ಚೆಲುವು ಉಳಿದುಕೊಂಡಿತು.

ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನು ನಾನು. ಇಂಥ ಕಾರಿನ ಲೆಕ್ಕ ಹಾಕಿದರೆ ಖರ್ಚಿನ ಬದಿಯೇ ಉದ್ದ. ಹೆಚ್ಚಿನವುಗಳಲ್ಲಿ ಇಬ್ಬರಿಗಷ್ಟೇ ಜಾಗ. ಪೆಟ್ಟಿಗೆ ಇಡಲು ತಾವು ಸಾಲದು. ಮಳೆ ಬಂದರೆ ಬಟ್ಟೆಯ ಚಾವಣಿ ಎಳೆದು ಕಟ್ಟಬೇಕು. ಸ್ಪ್ರಿಂಗು ಬಿಗಿ, ರಸ್ತೆಯ ಒಂದೊಂದು ಗುಂಡಿಯೂ ಬೆನ್ನಿಗೆ ಗೊತ್ತಾಗುತ್ತದೆ. ನೀರು ನಿಂತರೆ ಮರ ಕೊಳೆಯುತ್ತದೆ.

ಆದರೂ ಏಕೆ ಇಟ್ಟುಕೊಳ್ಳುತ್ತಾರೆ? ನೆಲಕ್ಕೆ ಹತ್ತಿರ ಕುಳಿತು, ಮುಖಕ್ಕೆ ಗಾಳಿ ಬಡಿಯುವಾಗ ನಿಧಾನದ ಓಟವೂ ಭಾರಿ ವೇಗವೆನಿಸುತ್ತದೆ. ಕೆಟ್ಟರೆ ಸಣ್ಣಪುಟ್ಟ ಕೆಲಸವನ್ನು ಸ್ವತಃ ಮಾಡಿಕೊಳ್ಳಬಹುದು. ಈ ಸುಖಕ್ಕಾಗಿ ಜನ ವರ್ಷಗಟ್ಟಲೆ ಸರದಿ ಕಾದದ್ದೂ ಉಂಟು. 1990ರಲ್ಲಿ ಬಿಬಿಸಿ ಟಿವಿ ಕಾರ್ಯಕ್ರಮಕ್ಕಾಗಿ ಅಲ್ಲಿಗೆ ಹೋದ ಉದ್ಯಮಿ ಜಾನ್ ಹಾರ್ವೆ-ಜೋನ್ಸ್, ಇನ್ನೂ ಹೆಚ್ಚು ಕಾರು ತಯಾರಿಸಿರೆಂದು ಸಲಹೆ ಕೊಟ್ಟರು. ಮಾರ್ಗನ್ ಮನೆತನದವರು ಒಪ್ಪದೆ ತಮ್ಮ ದಾರಿಯಲ್ಲೇ ನಡೆದರು.

ಇಷ್ಟು ಪ್ರೀತಿಯಿದ್ದೂ ಮಾರುವವರಿದ್ದಾರೆ. ಮನೆಗೆ ಮಗು ಬಂದರೆ ಅದಕ್ಕೆ ಸೀಟಿಲ್ಲ. ನನ್ನ ವಯಸ್ಸಿನವರಾದರೆ ಮಂಡಿ ಮಾತು ಕೇಳುವುದಿಲ್ಲ. ಕೂರುವುದು ಸುಲಭ, ಏಳುವುದು ಕಷ್ಟ! ಹಾಗೆಂದು ಓಡಿಸದೆ ಮುಚ್ಚಿಟ್ಟರೆ ಬ್ಯಾಟರಿ ಸಾಯುತ್ತದೆ, ಟೈರು ಬಿರುಕು ಬಿಡುತ್ತದೆ, ಬ್ರೇಕು ತುಕ್ಕು ಹಿಡಿಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ ಸವಕಳಿ ಎನ್ನುತ್ತೇವೆ. ಬಳಸಿ ಸವೆದರೆ ಸಂತೋಷವಾದರೂ ಜಮೆಯಾಗುತ್ತದೆ, ನಿಂತು ಸವೆದರೆ ಏನೂ ಇಲ್ಲ.

ಆದ್ದರಿಂದ ಬೆಲೆಗಿಂತ ಮೊದಲು ಒಂದು ಪ್ರಶ್ನೆ ಕೇಳಬೇಕು: ಇದು ಓಡುತ್ತಿದೆಯೇ? ಓಡುತ್ತಿದ್ದರೆ ಇಟ್ಟುಕೊಳ್ಳಲಿ. ಇಲ್ಲವಾದರೆ ಓಡಿಸುವವರ ಕೈಗೆ ಕೊಡಲಿ. ಅದೂ ಕಾಪಾಡುವ ಬಗೆಯೇ.

ನನ್ನ ಹಳೆಯ ಸ್ಕೂಟರನ್ನು ಹೋದ ವರ್ಷ ಹಿಂದಿನ ಬೀದಿಯ ಹುಡುಗನಿಗೆ ಕೊಟ್ಟೆ. ಬೆಳಿಗ್ಗೆ ಅದರ ಸದ್ದು ಕೇಳಿದರೆ ಪೇಪರು ಓದುತ್ತಿದ್ದವನು ಈಗಲೂ ತಲೆ ಎತ್ತುತ್ತೇನೆ.