ಶೆಡ್ಡಿನ ಫಿಯೆಟ್ಟಿಗೆ ಉಸಿರು ಬಂತು

ಉತ್ತರಹಳ್ಳಿ ಮುಖ್ಯರಸ್ತೆಯಿಂದ ಒಳಕ್ಕೆ ಸರಿದ ಗಲ್ಲಿ. ಸುತ್ತ ಅಪಾರ್ಟ್‌ಮೆಂಟುಗಳು, ನಡುವೆ ತೆಂಗಿನ ಮರಗಳ ನೆರಳಲ್ಲಿ ಉಳಿದುಕೊಂಡ ಹಳೆಯ ಮನೆ, ಅದರ ಮಗ್ಗುಲಿಗೆ ಶೀಟಿನ ಶೆಡ್ಡು. ಟಾರ್ಪಾಲು ಎಳೆದರೆ ದೂಳಿನಡಿ ಫಿಯೆಟ್ 1100. ನಂಬರ್ ಪ್ಲೇಟಿನ ಮೇಲೆ ಮೈಸೂರು ರಾಜ್ಯದ ‘ಎಂವೈ’ ಅಕ್ಷರಗಳು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದು 1973ರಲ್ಲಿ, ಈ ಕಾರಿನ ಪೀಳಿಗೆಗೆ ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಇದು ಆ ಎರಡು ನಾಮಕರಣಗಳಿಗೂ ಹಿರಿಯದು.

ಮನೆಯ ಹುಡುಗ ಹೊಸ ಬ್ಯಾಟರಿ ತಂದು, ಕೀ ಹಿಡಿದು ನಿಂತಿದ್ದಾನೆ.

‘ಸೆಲ್ಫ್ ಹೊಡೀಬೇಡಪ್ಪಾ, ಒಳಗೆ ಜಾಮ್ ಆಗಿದ್ರೆ ರಿಂಗ್ ಮುರಿಯುತ್ತೆ,’ ಎನ್ನುತ್ತಾರೆ ವಯಸ್ಸಾದ ಮೆಕ್ಯಾನಿಕ್. ಅವಸರವೇ ಇಂಥ ಎಂಜಿನ್ನುಗಳ ಶತ್ರು. ವರ್ಷಗಟ್ಟಲೆ ನಿಂತಲ್ಲೇ ನಿಂತ ಪಿಸ್ಟನ್ ರಿಂಗುಗಳು ಸಿಲಿಂಡರ್ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಅವರು ನಾಲ್ಕೂ ಪ್ಲಗ್ ಬಿಚ್ಚಿ, ತೂತುಗಳೊಳಗೆ ತೆಳ್ಳನೆಯ ಎಣ್ಣೆ ಬಿಟ್ಟು, ಬಟ್ಟೆ ತುರುಕಿ, ಆ ದಿನಕ್ಕೆ ಅಷ್ಟೇ ಎಂದು ಕೈ ಒರೆಸಿಕೊಳ್ಳುತ್ತಾರೆ.

ಎಣ್ಣೆ ಇಳಿಯುವ ತನಕ ಉಳಿದ ಕೆಲಸ. ಏರ್ ಫಿಲ್ಟರಿನೊಳಗೆ ಇಲಿಗೂಡು. ಟ್ಯಾಂಕಿನ ಪೆಟ್ರೋಲು ಅಂಟಾಗಿ, ಹಳಸಿದ ವಾಸನೆ ಬೀರುತ್ತಿದೆ. ಕಾರ್ಬುರೇಟರಿನ ಜೆಟ್ಟುಗಳು ಕಟ್ಟಿಕೊಂಡಿವೆ. ಅವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಊದುವಾಗ ಆ ಮುಖದಲ್ಲಿರುವ ಏಕಾಗ್ರತೆ ನೋಡಬೇಕು. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮು ಜೆ.ಸಿ. ರಸ್ತೆಯಿಂದ ಹೊಸದಾಗಿ ಬರುತ್ತವೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್. ಹಳೆಯ ರಬ್ಬರು ಅದನ್ನು ತಾಳುವುದಿಲ್ಲ.

ಕೊನೆಗೂ ಕಾರನ್ನು ಟಾಪ್ ಗೇರಿಗೆ ಹಾಕಿ ಮೆಲ್ಲಗೆ ಮುಂದೆ ತಳ್ಳುತ್ತಾರೆ. ಅಲುಗದು. ಹಿಂದಕ್ಕೆ. ಮತ್ತೆ ಮುಂದಕ್ಕೆ. ‘ಟಕ್’ ಎಂದದ್ದೇ ಫ್ಯಾನು ಒಂದು ಗೇಣು ತಿರುಗುತ್ತದೆ. ಬಿಟ್ಟಿತು!

ಹಳೆಯ ಆಯಿಲ್ ಡಾಂಬರಿನಂತೆ ಸುರಿಯುತ್ತದೆ. ಹೊಸದು ತುಂಬಿ, ಪ್ಲಗ್ ಹಾಕದೆಯೇ ಸೆಲ್ಫ್ ತಿರುಗಿಸಿ, ಆಯಿಲ್ ಎಲ್ಲ ಮೂಲೆಗೂ ಏರಿದ ಮೇಲಷ್ಟೇ ಮುಂದಿನ ಮಾತು. ಡಿಸ್ಟ್ರಿಬ್ಯೂಟರಿನ ಪಾಯಿಂಟನ್ನು ಉಜ್ಜುತ್ತಾರೆ, ಕರೆಂಟ್ ನೋಡುತ್ತಾರೆ: ಪ್ಲಗ್ಗಿನ ತುದಿಯಲ್ಲಿ ನೀಲಿ ಕಿಡಿ.

‘ಚೋಕ್ ಎಳಿ. ಈಗ ಹೊಡಿ.’

ಎಂಜಿನ್ ಕೆಮ್ಮುತ್ತದೆ, ನಿಲ್ಲುತ್ತದೆ. ಮತ್ತೆ ಕೆಮ್ಮುತ್ತದೆ. ಸೈಲೆನ್ಸರಿನಿಂದ ನೀಲಿ ಹೊಗೆ ದಟ್ಟವಾಗಿ ಎದ್ದು ಶೆಡ್ಡು ತುಂಬುತ್ತದೆ. ಸಿಲಿಂಡರಿಗೆ ಬಿಟ್ಟಿದ್ದ ಎಣ್ಣೆ ಉರಿಯುತ್ತಿದೆ. ಮೂರು ಸಿಲಿಂಡರು ಓಡುತ್ತಿವೆ, ಒಂದು ಮಿಸ್ಸಿಂಗ್. ಮೆಕ್ಯಾನಿಕ್ ಕಿವಿಗೊಟ್ಟು ಒಂದು ವೈರನ್ನು ಗಟ್ಟಿಯಾಗಿ ಒತ್ತಿದ್ದೇ ತಡ, 1089 ಸಿಸಿಯ ಆ ಪುಟ್ಟ ಎಂಜಿನ್ ಲಯಕ್ಕೆ ಬರುತ್ತದೆ. ಮನೆಯ ಅಜ್ಜಿ ಬಾಗಿಲಿಗೆ ಬಂದು ನಿಂತಿದ್ದಾರೆ. ಪಕ್ಕದ ಮಹಡಿಯಿಂದ ಮಕ್ಕಳು ಮೊಬೈಲ್ ಹಿಡಿದು ಬಗ್ಗಿದ್ದಾರೆ.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲು ಕಂಡು ಬೆರಗಾದವರು ನಮ್ಮಲ್ಲಿ ಬಹಳ. ಆದರೆ ನಮ್ಮದೇ ಕೇರಿಗಳ ಶೆಡ್ಡುಗಳಲ್ಲಿ ಎಷ್ಟೋ ಕಾರುಗಳು ಕಬ್ಬಿಣದ ತೂಕಕ್ಕೆ ಹೋಗುತ್ತಿವೆ. ಮೂಲರೂಪ ಉಳಿಸಿಕೊಂಡು 50 ವರ್ಷ ದಾಟಿದ ವಾಹನಕ್ಕೆ 2021ರ ಕೇಂದ್ರ ನಿಯಮಗಳು ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ಕೊಡುತ್ತವೆ. ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನಕ್ಕೆ ಒಯ್ಯಬಹುದು. ನಿಮ್ಮ ಮನೆಯಲ್ಲೂ ಅಂಥದೊಂದಿದ್ದರೆ, ಗುಜರಿಯವರಿಗೆ ಫೋನ್ ಮಾಡುವ ಮುನ್ನ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ತೋರಿಸಿ.