ಗುಜರಿಗೆ ಹಾಕೋ ಮುಂಚೆ ನಂಬರ್ ನೋಡಿ!

ಸಕಲೇಶಪುರ: "ಯಜಮಾನ್ರೇ, ಈ ಹಳೇ ಪೆಟ್ಟಿಗೆ ಯಾಕಿಟ್ಕೊಂಡಿದೀರಿ? ಸೌದೆಗೂ ಆಗಲ್ಲ, ಕೊಟ್ಬಿಡಿ."

ಗುಜರಿಯವನು ಬಾಗಿಲಲ್ಲಿ ನಿಂತು ಇಷ್ಟು ಅಂದರೆ ಸಾಕು, ಅಟ್ಟದ ಮೇಲಿದ್ದ ಅಜ್ಜನ ಕಾಲದ ಹಾರ್ಮೋನಿಯಂ ಗೋಣಿಚೀಲ ಸೇರುತ್ತದೆ. ತೋಟದ ಬಂಗಲೆಯಲ್ಲಿ ದೊರೆಗಳ ಕಾಲದ ಪಿಯಾನೋ ಉಳಿದಿದ್ದರೆ ಅದಕ್ಕೂ ತೂಕದ ಲೆಕ್ಕವೇ. ಅದರ ವಯಸ್ಸೆಷ್ಟು ಅಂತ ಕೇಳುವವರು ಯಾರು?

ವಯಸ್ಸು ಪೆಟ್ಟಿಗೆಯ ಒಳಗೇ ಇರುತ್ತದೆ. ಲಾರಿಗೆ ಛಾಸಿ ನಂಬರ್ ಇದ್ದ ಹಾಗೆ ಪಿಯಾನೋಗೂ ಒಂದು ನಂಬರ್ ಉಂಟು. ಮೇಲಿನ ಮುಚ್ಚಳ ಎತ್ತಿ, ತಂತಿ ಬಿಗಿಯುವ ಮೊಳೆಗಳ ಹತ್ತಿರ ಕಬ್ಬಿಣದ ಚೌಕಟ್ಟಿನ ಮೇಲೋ ಮರದ ಮೇಲೋ ಹುಡುಕಬೇಕು. ಯಾವ ವರ್ಷಕ್ಕೆ ಎಷ್ಟನೇ ನಂಬರ್ ಎಂಬ ಕಂಪನಿಯ ಪಟ್ಟಿ ಸಿಕ್ಕರೆ ಕೆಲಸ ಆಯಿತು. ಅಮೆರಿಕದ ಸ್ಟೈನ್‌ವೇ ಕಂಪನಿ 1853ರಲ್ಲಿ 483ನೇ ನಂಬರಿನಿಂದ ಶುರು ಮಾಡಿತು. ಅದರ 1,00,000ನೇ ಪಿಯಾನೋ 1903ರಲ್ಲಿ, 3,00,000ನೆಯದು 1938ರಲ್ಲಿ ವೈಟ್‌ಹೌಸ್ ಸೇರಿದವು. ಈ ಎರಡರ ನಡುವಿನ ನಂಬರ್ ಸಿಕ್ಕರೆ ವಾದ್ಯ ಯಾವ ಕಾಲದ್ದೆಂದು ಹೇಳಲು ಜ್ಯೋತಿಷಿ ಬೇಕಿಲ್ಲ.

ಎಡವುವುದೂ ಇಲ್ಲೇ. ಒಂದೊಂದು ಕೀಗೂ 1, 2, 3 ಅಂತ ಗುರುತು ಇರುತ್ತದೆ. ಅದು ಜೋಡಣೆಯ ಲೆಕ್ಕ. ಕಬ್ಬಿಣದ ಎರಕದ ನಂಬರ್ ಬೇರೆ. 1851, 1867 ಅಂತ ಕಂಡರೆ ಹಿಗ್ಗಬೇಡಿ, ಅವು ಲಂಡನ್, ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕಂಪನಿಗೆ ಪದಕ ಬಂದ ವರ್ಷಗಳಾಗಿರಬಹುದು.

ಪಿಟೀಲಿನದು ಇನ್ನೊಂದು ಕಥೆ. ಒಳಗೆ 'ಸ್ಟ್ರಾಡಿವೇರಿಯಸ್, 1721' ಎಂಬ ಚೀಟಿ ಕಂಡು ಕೋಟಿಯ ಕನಸು ಕಾಣುವವರುಂಟು. ಆತ ಸತ್ತದ್ದು 1737ರಲ್ಲಿ. ಅವನ ಹೆಸರಿನ ಚೀಟಿ ಅಂಟಿಸಿದ ಕಾರ್ಖಾನೆ ಪಿಟೀಲುಗಳು ಲೋಕದ ತುಂಬ ಇವೆ. ಜತೆಗೆ 'ಮೇಡ್ ಇನ್ ಜರ್ಮನಿ' ಅಂತಲೂ ಇದ್ದರೆ ಮುಗಿಯಿತು. ಆ ಮುದ್ರೆ ರೂಢಿಗೆ ಬಂದದ್ದೇ ಬ್ರಿಟನ್ನಿನ 1887ರ ಕಾಯ್ದೆಯ ನಂತರ!

ಭಜನೆಮನೆಯ ಹಾರ್ಮೋನಿಯಂಗೆ ಇಂಥ ಪಟ್ಟಿ ಸಿಗುವುದು ಕಷ್ಟ. ಅಲ್ಲಿ ಅಂಗಡಿಯ ಹೆಸರಿನ ಬಿಲ್ಲೆಯೇ ಜಾತಕ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದೆಯೇ? ಹಾಗಾದರೆ 1972ಕ್ಕಿಂತ ಹಳೆಯದಲ್ಲ. 'ಮೈಸೂರು ರಾಜ್ಯ' ಅಂತಿದೆಯೇ? ನಮ್ಮ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಬಿಲ್ಲೆ ಅದಕ್ಕೂ ಹಿಂದಿನದಿರಬೇಕು. 'ಕೋಲ್ಕತ್ತಾ' ಅಂತಿದ್ದರೆ 2001ರ ಈಚಿನದು. "ನಮ್ಮ ಪೆಟ್ಟಿಗೆ ಟಿಪ್ಪು ಕಾಲದ್ದು" ಅಂದರೆ ಮಾತ್ರ ನಕ್ಕುಬಿಡಿ. ಹಾರ್ಮೋನಿಯಂ ಪ್ಯಾರಿಸ್ಸಿನಲ್ಲಿ ಹುಟ್ಟಿದ್ದೇ 1840ರ ಸುಮಾರಿಗೆ. ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಹೊಸ ಪಾಲಿಶ್ ಹಾಕಿಸುವ ಭರದಲ್ಲಿ ಆ ಬಿಲ್ಲೆ ಕಿತ್ತು ಬಿಸಾಡಿದರೆ ಜಾತಕವೇ ಹೋಯಿತು.

ಆನೆ ಕಾಟದಲ್ಲಿ ಬೆಂದ ಆಲೂರು-ಸಕಲೇಶಪುರದವರಿಗೆ ಇನ್ನೊಂದು ಮಾತು. ಪಿಯಾನೋ ನಂಬರ್ ಹಳೆಯದಾಗಿದ್ದರೆ ಅದರ ಬಿಳಿ ಕೀಗಳನ್ನೂ ನೋಡಿ. ಆ ಕಾಲದಲ್ಲಿ ಅವುಗಳ ಮೇಲೆ ಆನೆದಂತದ ತೆಳು ಹಾಳೆ ಅಂಟಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986 ಮತ್ತು 1991ರಲ್ಲಿ ತಿದ್ದುಪಡಿಯಾದ ಮೇಲೆ ದಂತದ ವ್ಯಾಪಾರ ನಿಷಿದ್ಧ, ನಮ್ಮ ಕಾಡಿನ ಆನೆಯದಾಗಲಿ, ಆಫ್ರಿಕದಿಂದ ಬಂದದ್ದಾಗಲಿ. ದಂತದ ಅನುಮಾನ ಬಂದರೆ ಗುಜರಿಯವನಿಗಿಂತ ಮೊದಲು ಅರಣ್ಯ ಇಲಾಖೆಯವರನ್ನು ಕೇಳುವುದು ಕ್ಷೇಮ.

ನಂಬರ್ ವಯಸ್ಸು ಹೇಳುತ್ತದೆ, ಬೆಲೆ ಹೇಳುವುದಿಲ್ಲ. ಮಲೆನಾಡಿನ ಮಳೆಗೆ ಮರ ಉಬ್ಬಿ, ತಂತಿ ತುಕ್ಕು ಹಿಡಿದು, ಗೆದ್ದಲು ತಿಂದಿದ್ದರೆ ನೂರು ವರ್ಷದ ವಾದ್ಯಕ್ಕೂ ನೂರು ರೂಪಾಯಿ ಹುಟ್ಟದೆ ಹೋದೀತು. ಆದರೂ ಮನೆಗೆ ಅದು ಬಂದದ್ದು ಯಾರ ಕಾಲದಲ್ಲಿ, ಅಜ್ಜನದೋ ಮುತ್ತಜ್ಜನದೋ ಅನ್ನುವುದಕ್ಕೆ ಉಳಿದ ಸಾಕ್ಷಿ ಅದೊಂದೇ ಇರಬಹುದು. ಒಂದು ಚೀಟಿಯಲ್ಲಿ ನಂಬರ್ ಬರೆದಿಟ್ಟುಕೊಳ್ಳಿ. ಆಮೇಲೆ ಮಾರೋದೋ ಬಿಡೋದೋ ನಿಮ್ಮಿಷ್ಟ.