ತರಕಾರಿ ಮಾರುತ್ತಿದ್ದ ಸಂಸ್ಥೆಯ ಆಂಬುಲೆನ್ಸ್

1956ರಲ್ಲಿ ಪೀಟರ್ ಸಫಾರ್ ಎಂಬ ಅರಿವಳಿಕೆ ವೈದ್ಯರು ಸಮ್ಮೇಳನವೊಂದನ್ನು ಮುಗಿಸಿಕೊಂಡು ಅಮೆರಿಕದ ಬಾಲ್ಟಿಮೋರ್‌ಗೆ ಕಾರಿನಲ್ಲಿ ಮರಳುತ್ತಿದ್ದರು. ಜೊತೆಗಿದ್ದವರು ಜೇಮ್ಸ್ ಈಲಮ್. ನಾವು ಹೊರಬಿಡುವ ಉಸಿರಿನಲ್ಲೂ ಇನ್ನೊಬ್ಬರ ಜೀವ ಹಿಡಿದಿಡುವಷ್ಟು ಆಮ್ಲಜನಕ ಇರುತ್ತದೆಂದು ಈಲಮ್ ಆಗಲೇ ತೋರಿಸಿದ್ದರು. ದಾರಿಯಲ್ಲೆಲ್ಲ ಅದೇ ಮಾತು.

ಉಸಿರು ನಿಂತವರನ್ನು ಬೋರಲು ಮಲಗಿಸಿ, ಬೆನ್ನು ಒತ್ತಿ, ತೋಳು ಎತ್ತುವುದು ಆಗಿನ ರೂಢಿ. ಇದರಿಂದ ಗಾಳಿ ಒಳಗೆ ಹೋಗುತ್ತದೆಯೇ ಎಂದು ಸಫಾರ್ ಪರೀಕ್ಷೆಗೆ ಇಳಿದರು. ವೈದ್ಯರು, ವೈದ್ಯಕೀಯ ವಿದ್ಯಾರ್ಥಿಗಳು ತಾವಾಗಿಯೇ ಮುಂದೆ ಬಂದರು. ಮದ್ದು ಕೊಟ್ಟು ಅವರ ಸ್ನಾಯುಗಳನ್ನು ನಿಶ್ಚಲಗೊಳಿಸಿ, ಸ್ವಂತ ಉಸಿರಾಟವನ್ನೇ ನಿಲ್ಲಿಸಲಾಯಿತು. (ಇವತ್ತಿನ ಯಾವ ನೈತಿಕ ಸಮಿತಿಯೂ ಇದಕ್ಕೆ ಸಹಿ ಹಾಕಲಾರದು.) ನಂತರ ವೈದ್ಯಕೀಯದ ಗಂಧಗಾಳಿ ಇಲ್ಲದ ಸಾಮಾನ್ಯರಿಂದ ಅವರ ಬಾಯಿಗೆ ಬಾಯಿಟ್ಟು ಊದಿಸಿದರು. ಬೆನ್ನು ಒತ್ತುವ ವಿಧಾನ ಬಹುಪಾಲು ಸೋತಿತು, ಊದುವುದು ಗೆದ್ದಿತು. ಅಡ್ಡಿಯಾಗಿದ್ದದ್ದು ನಾಲಿಗೆ: ಪ್ರಜ್ಞೆ ತಪ್ಪಿದವರ ನಾಲಿಗೆ ಸಡಿಲಗೊಂಡು ಗಂಟಲಿಗೆ ಜಾರಿ ದಾರಿ ಮುಚ್ಚುತ್ತದೆ. ತಲೆಯನ್ನು ಹಿಂದಕ್ಕೆ ಬಾಗಿಸಿ ಗದ್ದ ಮೇಲೆತ್ತಿದರೆ ದಾರಿ ತೆರೆದುಕೊಳ್ಳುತ್ತದೆ.

ನನ್ನ ಲೆಕ್ಕದಲ್ಲಿ ಆ ಪ್ರಯೋಗದ ದೊಡ್ಡ ಫಲ ಬೇರೆಯೇ. ಜೀವ ಉಳಿಸುವ ಕೆಲಸವನ್ನು ಡಾಕ್ಟರಲ್ಲದವರಿಗೂ ಕಲಿಸಬಹುದು ಎಂಬುದು ಅಲ್ಲಿ ಸಾಬೀತಾಯಿತು.

ಸಫಾರ್ ಮುಂದೆ ಪಿಟ್ಸ್‌ಬರ್ಗ್‌ಗೆ ಬಂದರು. ಅಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದದ್ದು ಪೊಲೀಸ್ ವ್ಯಾನು. ಅಮೆರಿಕದ ಎಷ್ಟೋ ಊರುಗಳಲ್ಲಿ ಹೆಣ ಒಯ್ಯುವ ಗಾಡಿಯೇ ಆಂಬುಲೆನ್ಸು. ಹಿಂದೆ ಎತ್ತಿಹಾಕಿ ಓಡಿಸುವುದಷ್ಟೇ ಕೆಲಸ, ರೋಗಿಯ ಪಕ್ಕ ಯಾರೂ ಕೂರುತ್ತಿರಲಿಲ್ಲ. 1966ರಲ್ಲಿ ಸಫಾರ್ ಅವರ ಪುಟ್ಟ ಮಗಳು ಆಸ್ತಮಾದಿಂದ ತೀರಿಕೊಂಡಳು. ಅದೇ ವರ್ಷದ ನವೆಂಬರ್‌ನಲ್ಲಿ ಆ ರಾಜ್ಯದ ಮಾಜಿ ಗವರ್ನರ್ ಡೇವಿಡ್ ಲಾರೆನ್ಸ್ ಚುನಾವಣಾ ಸಭೆಯಲ್ಲೇ ಕುಸಿದುಬಿದ್ದರು. ಪೊಲೀಸ್ ವ್ಯಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೆದುಳಿಗೆ ಆಗಬಾರದ್ದು ಆಗಿಹೋಗಿತ್ತು.

ಆಗ ಫಿಲ್ ಹ್ಯಾಲನ್ ಎಂಬವರು ಒಂದು ಯೋಜನೆ ಹಿಡಿದು ಸಫಾರ್ ಬಳಿಗೆ ಬಂದರು. ಅವರು ಫಾಕ್ ವೈದ್ಯಕೀಯ ನಿಧಿಯ ಮುಖ್ಯಸ್ಥರು. ಪಿಟ್ಸ್‌ಬರ್ಗ್‌ನ ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ ಕೆಲಸವಿಲ್ಲದ ಯುವಕರು ಬೇಕಾದಷ್ಟಿದ್ದರು, ಕರೆದರೆ ಬರುವ ಆಂಬುಲೆನ್ಸ್ ಮಾತ್ರ ಇರಲಿಲ್ಲ. ಫ್ರೀಡಂ ಹೌಸ್ ಎಂಬ ಸ್ಥಳೀಯ ಸಂಸ್ಥೆ ಅಲ್ಲಿ ಗಾಡಿಗಳಲ್ಲಿ ತರಕಾರಿ ಮಾರಿಸುತ್ತಿತ್ತು. ಆ ಸಂಸ್ಥೆಯ ಮೂಲಕವೇ ಆಂಬುಲೆನ್ಸ್ ಕೆಲಸಕ್ಕೆ ಹುಡುಗರನ್ನು ಆರಿಸಿದರು. ಕೆಲವರು ಹೈಸ್ಕೂಲನ್ನೂ ಮುಗಿಸಿರಲಿಲ್ಲ, ಕೆಲವರು ವಿಯೆಟ್ನಾಂ ಯುದ್ಧದಿಂದ ಮರಳಿದವರು.

1967ರಲ್ಲಿ ತರಬೇತಿ ಶುರುವಾಯಿತು. ಬೇರೆ ಕಡೆ ಪ್ರಥಮ ಚಿಕಿತ್ಸೆ ಗೊತ್ತಿದ್ದರೆ ಅದೇ ಹೆಚ್ಚು. ಇಲ್ಲಿ ಸುಮಾರು 300 ಗಂಟೆಗಳ ಪಾಠ. ಅಂಗರಚನೆ ಕಲಿತರು, ಬೊಂಬೆಯ ಎದೆ ಒತ್ತಿ ಅಭ್ಯಾಸ ಮಾಡಿದರು. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ವೈದ್ಯರ ಪಕ್ಕ ನಿಂತು ಗಂಟಲಿಗೆ ಕೊಳವೆ ಇಳಿಸುವುದನ್ನು ಕಲಿತರು. ಗಾಡಿಯ ವಿನ್ಯಾಸವನ್ನೂ ಸಫಾರ್ ಬದಲಿಸಿದರು: ರೋಗಿಯ ತಲೆಯ ಹಿಂದೆ ಒಬ್ಬರು ಕೂತು ಕೆಲಸ ಮಾಡುವಷ್ಟು ಜಾಗ. 1968ರಲ್ಲಿ ಗಾಡಿಗಳು ರಸ್ತೆಗಿಳಿದವು. ಮೊದಲ ವರ್ಷವೇ ಸುಮಾರು 5,800 ಕರೆಗಳು ಬಂದವು. ಮಾದಕ ವಸ್ತು ಅತಿಯಾಗಿ ಉಸಿರು ಕಟ್ಟಿದವರಿಗೆ ನಲಾಕ್ಸೋನ್ ಚುಚ್ಚುತ್ತಿದ್ದದ್ದೂ ಈ ಹುಡುಗರೇ.

ನಗರಸಭೆ ಕೊನೆಗೂ ಇವರನ್ನು ತನ್ನವರೆನ್ನಲಿಲ್ಲ. 1975ರ ಅಕ್ಟೋಬರ್‌ನಲ್ಲಿ ತನ್ನದೇ ಸೇವೆ ಆರಂಭಿಸಿ ಫ್ರೀಡಂ ಹೌಸನ್ನು ಮುಚ್ಚಿಸಿತು. ಸಂಸ್ಥೆಯ ವೈದ್ಯಕೀಯ ನಿರ್ದೇಶಕಿ ನ್ಯಾನ್ಸಿ ಕ್ಯಾರೊಲಿನ್ ಹಟ ಹಿಡಿದದ್ದರಿಂದ ಹಳಬರನ್ನು ಸೇರಿಸಿಕೊಂಡಿತಾದರೂ, ಹೊಸ ಪರೀಕ್ಷೆಗಳ ನೆಪ ಒಡ್ಡಿ ಬಹುಪಾಲು ಜನರನ್ನು ಒಬ್ಬೊಬ್ಬರನ್ನಾಗಿ ಹೊರದಬ್ಬಿತು. ಇದು ಶುದ್ಧ ಜನಾಂಗ ದ್ವೇಷ. ಅದೇ ಕಾಲಕ್ಕೆ ಅಮೆರಿಕದ ಕೇಂದ್ರ ಸರ್ಕಾರ ಇಡೀ ದೇಶದ ಪ್ಯಾರಾಮೆಡಿಕ್‌ಗಳಿಗೆ ಪಠ್ಯಕ್ರಮ ಬರೆಯುವ ಕೆಲಸವನ್ನು ಕ್ಯಾರೊಲಿನ್ ಅವರಿಗೆ ವಹಿಸಿತು. ಅವರು ಬರೆದದ್ದು ಫ್ರೀಡಂ ಹೌಸಿನ ಗಾಡಿಗಳಲ್ಲಿ ಕಂಡುಕೊಂಡ ಪಾಠವನ್ನೇ.

ಕರ್ನಾಟಕದಲ್ಲಿ 2008ರ ನವೆಂಬರ್ 1ರಿಂದ ಓಡುತ್ತಿರುವ 108 ಗಾಡಿಯಲ್ಲೂ ರೋಗಿಯ ಪಕ್ಕ ಇರುವವರು ಡಾಕ್ಟರಲ್ಲ, ತರಬೇತಾದ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ). ಮನೆ ಬಾಗಿಲಿಗೆ ಅವರು ಬಂದಾಗ "ಡಾಕ್ಟ್ರು ಬಂದಿಲ್ವಾ?" ಎಂದು ರೇಗಬೇಡಿ. ಸುತ್ತ ನೆರೆದವರನ್ನು ಸರಿಸಿ, ಅವರಿಗೆ ಕೆಲಸ ಮಾಡಲು ಜಾಗ ಬಿಡಿ.